ಹೂವು ಕಟ್ಟಿ ಮುಂದಕ್ಕೆ ಬಾಗಿದ ಕುತ್ತಿಗೆಗೆ ಫಿಸಿಯೋಥೆರಪಿಯಿಂದ ಪ್ರಯೋಜನವಿದೆಯೇ?

ಪ್ರಶ್ನೆ (ಶಂಕರಪುರ, ಉಡುಪಿ)

ನಮ್ಮ ಮನೆಯಲ್ಲಿ ಮಲ್ಲಿಗೆ ಕೃಷಿಯಿದೆ. 52 ವರ್ಷ ಪ್ರಾಯದ ಅಮ್ಮ ಮುಂಜಾನೆ ಮೊಗ್ಗು ಕೊಯ್ದು, ಕಟ್ಟೆಗೆ (ಹೂವು ಕೊಳ್ಳುವ ಜಾಗ) ಕೊಡುವ ಹೊತ್ತಿನೊಳಗೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸುತ್ತಾರೆ. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಷ್ಟು ಹೊತ್ತೂ ನೆಲದಲ್ಲಿ ಕುಳಿತು ತಲೆಯನ್ನು ಮಡಿಲಿನತ್ತ ಬಗ್ಗಿಸಿಯೇ ಇರುತ್ತಾರೆ. ಈಗ ನೆಟ್ಟಗೆ ನಿಂತಾಗಲೂ ಅವರ ತಲೆ ಭುಜಕ್ಕಿಂತ ಮುಂದೆ ಚಾಚಿಕೊಂಡಿರುತ್ತದೆ, ರಸ್ತೆ ದಾಟುವಾಗ ಬಲಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಾರೆ. ವೈದ್ಯರು ಎಕ್ಸ್‌ರೇ ನೋಡಿ, ಗಂಭೀರ ತೊಂದರೆಯಿಲ್ಲವೆಂದು ಹೇಳಿ ಫಿಸಿಯೋಥೆರಪಿಗೆ ಕಳುಹಿಸಿದರು. ಗಲ್ಲವನ್ನು (ಗದ್ದವನ್ನು) ಒಳಗೆಳೆಯುವ ವ್ಯಾಯಾಮವನ್ನು ಎರಡು ವಾರ ಮಾಡಿದ ಅಮ್ಮ, ಕುತ್ತಿಗೆ ನೆಟ್ಟಗಾಗಲಿಲ್ಲವೆಂದು ಅದನ್ನು ಬಿಟ್ಟು, ದಿನವಿಡೀ ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡಿರುತ್ತಾರೆ. ಇದು ಸರಿಯೇ?

ಉತ್ತರ 1 (ಫಿಸಿಯೋಥೆರಪಿಸ್ಟ್, ಮಣಿಪಾಲ)

ಎರಡು ವಾರ ಬಹಳ ಕಡಿಮೆಯಾಯಿತು. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಅಭ್ಯಾಸ ಬೇಕಾಗುತ್ತದೆ. ಕುತ್ತಿಗೆಯ ಮುಂಭಾಗದ ಆಳದಲ್ಲಿ, ಬೆನ್ನೆಲುಬಿಗೆ ತಾಗಿಕೊಂಡೇ ಇರುವ ಸಣ್ಣ ಸ್ನಾಯುಗಳು ದುರ್ಬಲವಾದಾಗ ಅವುಗಳ ಕೆಲಸವನ್ನು ಪಕ್ಕದ ದಪ್ಪ ಸ್ನಾಯುಗಳು ವಹಿಸಿಕೊಳ್ಳುತ್ತವೆ, ತಲೆಬುರುಡೆಯ ಬುಡದಲ್ಲಿರುವವು ಬಿಗಿಯುತ್ತವೆ.

ಹೆಚ್ಚಿನವರು ತಪ್ಪುವುದು ಬಲ ಹಾಕುವುದರಲ್ಲಿ. ಅಂಗಾತ ಮಲಗಿ, ತಲೆಯನ್ನು ಎತ್ತದೆ, 'ಹೌದು' ಎಂದು ತಲೆಯಾಡಿಸುವಷ್ಟೇ ಮೆಲ್ಲಗೆ ಗಲ್ಲವನ್ನು ತಗ್ಗಿಸಿ 10 ಸೆಕೆಂಡು ಹಿಡಿಯಬೇಕು. ಹೀಗೆ 10 ಸಲ. ಕ್ಲಿನಿಕ್ಕಿನಲ್ಲಿ ಕುತ್ತಿಗೆಯ ಕೆಳಗೆ ಗಾಳಿಚೀಲವನ್ನಿಟ್ಟು, ಅದರ ಒತ್ತಡವನ್ನು ಪಾದರಸದ 20 ಮಿಲಿಮೀಟರಿನಿಂದ ಆರಂಭಿಸಿ ಎರಡೆರಡೇ ಏರಿಸುತ್ತ ಗರಿಷ್ಠ 30ರವರೆಗೆ ಹೋಗುತ್ತೇವೆಂದರೆ, ಬೇಕಾದ ಬಲ ಎಷ್ಟು ಅಲ್ಪವೆಂದು ತಿಳಿಯಬಹುದು. ಆಗ ಕುತ್ತಿಗೆಯ ಪಕ್ಕದಲ್ಲಿ ಹಗ್ಗದಂತಹ ಸ್ನಾಯು ಉಬ್ಬಿದರೆ ಬಲ ಹೆಚ್ಚಾಯಿತೆಂದೇ ಅರ್ಥ.

ಕುತ್ತಿಗೆ ಎಷ್ಟು ನೆಟ್ಟಗಾಯಿತೆಂದು ಕನ್ನಡಿಯಲ್ಲಿ ನೋಡಿ ಬೇಸರಪಡಬೇಡಿ. ತಲೆಯ ಬಾಗು ಮತ್ತು ನೋವು ಜೊತೆಜೊತೆಯಾಗಿ ಇಳಿಯಲೇಬೇಕೆಂದಿಲ್ಲ. ಬಾಗು ಹಾಗೆಯೇ ಉಳಿದು ನೋವು ಹೋದವರನ್ನು ನಾನು ಕಂಡಿದ್ದೇನೆ. ಭುಜ ಅಲುಗಿಸದೆ ತಲೆಯನ್ನಷ್ಟೇ ಬಲಕ್ಕೆ ತಿರುಗಿಸಿದಾಗ ಗೋಡೆಯ ಮೇಲೆ ಎಲ್ಲಿಯವರೆಗೆ ಕಾಣುತ್ತದೆಂದು ವಾರಕ್ಕೊಮ್ಮೆ ಗುರುತಿಸಿಕೊಳ್ಳಲಿ. ದಿನವಿಡೀ ಬೆಲ್ಟ್ ಧರಿಸಿದರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಕೈಯ ಬಲ ಕುಂದಿದರೆ, ನಾರಿನ ಗಂಟು ಹಾಕುವಾಗ ಬೆರಳು ತಡವರಿಸಿದರೆ, ನಡಿಗೆ ತಪ್ಪಿದರೆ ಅಥವಾ ಮೂತ್ರದ ಹಿಡಿತ ಹೋದರೆ ವ್ಯಾಯಾಮ ನಿಲ್ಲಿಸಿ ತಕ್ಷಣ ವೈದ್ಯರನ್ನು ಕಾಣಬೇಕು.

ಉತ್ತರ 2 (ಬಂಟ್ವಾಳ)

ನಾನು ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು. ಮಡಿಲಲ್ಲಿ ತಡ್ಪೆ (ಮೊರ), ಅದರ ಮೇಲೆ ಬಾಗಿದ ತಲೆ. ವ್ಯಾಯಾಮ ಮಾಡಿ ಎದ್ದು ಮತ್ತೆ ಹಾಗೆಯೇ ಕುಳಿತರೆ ಏನೂ ಉಳಿಯುವುದಿಲ್ಲವೆಂಬುದನ್ನು ನಾನು ತಡವಾಗಿ ಕಲಿತೆ. ಗೋಡೆಗೆ ಬೆನ್ನು ಕೊಟ್ಟು ಕುಳಿತು, ಮಡಿಲಲ್ಲಿ ಎರಡು ದಿಂಬುಗಳನ್ನಿಟ್ಟು, ತಡ್ಪೆಯನ್ನು ಎದೆಯ ಹತ್ತಿರಕ್ಕೆ ಏರಿಸಿಕೊಂಡ ಮೇಲೆಯೇ ನನಗೆ ಹಗುರವಾದದ್ದು. ಮೊದಲ ವಾರ ಕೈ ಓಡದು, ಕೆಲಸ ಹಿಂದೆ ಬೀಳುತ್ತದೆ. ಅದಕ್ಕೆ ಮನೆಯವರು ಸಿದ್ಧರಿರಬೇಕು, ಕಟ್ಟುವುದರಲ್ಲಿ ಒಂದಿಷ್ಟು ಕೈಜೋಡಿಸಲೂಬೇಕು. ನಿಮ್ಮ ಅಮ್ಮ ಒಂದೊಂದು ಚೆಂಡು ಮುಗಿದಾಗಲೂ ಎದ್ದು ಅಂಗಳಕ್ಕೊಮ್ಮೆ ಹೋಗಿ ಬರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಮ್ಮ ಇಷ್ಟು ದಿನ ಗಲ್ಲವನ್ನು ಕೈಯಿಂದಲೇ ಒತ್ತಿ ಒಳಗೆ ತಳ್ಳುತ್ತಿದ್ದರೆಂದು ಇಂದು ಕೇಳಿದಾಗ ತಿಳಿಯಿತು. ಈ ವಾರವೇ ಅವರನ್ನು ಮತ್ತೆ ಫಿಸಿಯೋಥೆರಪಿಸ್ಟರ ಬಳಿಗೆ ಕರೆದೊಯ್ಯುತ್ತೇನೆ. ನಾಳೆಯಿಂದ ಎರಡನೆಯ ಚೆಂಡನ್ನು ನಾನೇ ಕಟ್ಟುತ್ತೇನೆ.