ಕಜೇಲಿ ಎಗರ್ತಿದ್ದ ಕಥೆ

ದೊಡ್ಡಪ್ಪ, ನಿನ್ನೆ ಗ್ರೂಪಲ್ಲಿ ಹಾಕಿದ್ರಲ್ಲ, ಈ ಆಸ್ಟ್ರೇಲಿಯಾದ ಫೂಟಿ (ಕೈಯಲ್ಲೂ ಬಾಲ್ ಮುಟ್ಟಬಹುದಾದ ಇಲ್ಲಿನ ಫುಟ್ಬಾಲ್) ಏನಿದ್ರೂ ದೈತ್ಯರ ಆಟ, ನಮ್ ಪುಟ್ಟನ್ನ ಯಾಕಮ್ಮ ಅದಕ್ಕೆ ಸೇರಿಸಿದ್ದೀಯ ಅಂತ, ಅದಕ್ಕೆ ಎರಡು ಲೈನಲ್ಲಿ ಹೇಳಕ್ಕಾಗಲ್ಲ, ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿ. ಫಸ್ಟು ಒಂದು, ಅವನ ವಯಸ್ಸಿನ ಮಕ್ಕಳಿಗೆ ಟ್ಯಾಕಲ್, ಅಂದ್ರೆ ಎದುರಾಳಿನ ಹಿಡಿದು ಕೆಡವೋದು, ಇರಲ್ಲ, ಆ ಭಯ ಬೇಡ.

ಇನ್ನು ಎತ್ತರದ ವಿಷ್ಯ. ಇಲ್ಲಿ ಮೆಲ್ಬೋರ್ನಲ್ಲಿ ರಾಯ್ ಕಜೇಲಿ ಅಂತ ಒಬ್ಬ ಆಟಗಾರ ಇದ್ದ, 1893ರಲ್ಲಿ ಆಲ್ಬರ್ಟ್ ಪಾರ್ಕಲ್ಲಿ ಹುಟ್ಟಿದ್ದು, ಮನೇಲಿ ಹತ್ತನೇ ಮಗು, ಅಪ್ಪ ದೋಣಿ ರೇಸಲ್ಲಿ ಹೆಸರು ಮಾಡಿದ್ದೋನು, ಅಮ್ಮ ಸೂಲಗಿತ್ತಿ, ಗಿಡಮೂಲಿಕೆ ಔಷಧಿನೂ ಗೊತ್ತಿತ್ತು. ಅವನು ಆಡ್ತಿದ್ದಿದ್ದು ರಕ್ ಅನ್ನೋ ಜಾಗದಲ್ಲಿ. ಅಂದ್ರೆ ಅವನ ಕಾಲದಲ್ಲಿ ಅಂಪೈರ್ ಮಧ್ಯದಲ್ಲಿ ಬಾಲನ್ನ ನೆಲಕ್ಕೆ ಬಡೀತಿದ್ದ, ಅದು ಮೇಲಕ್ಕೆ ಪುಟೀತಿತ್ತು, ಆಗ ಎರಡೂ ಟೀಮಿಂದ ಒಬ್ಬೊಬ್ಬ ಎಗರಿ ತಮ್ಮವರ ಕಡೆ ತಟ್ಟಬೇಕಿತ್ತು. ನೀವ್ ಹೇಳೋ ದೈತ್ಯರ ಜಾಗ ಇದೇ, ಈಗಂತೂ ಎರಡು ಮೀಟರ್ ಇರೋರೇ ಅಲ್ಲಿ ನಿಲ್ಲೋದು. ಕಜೇಲಿ ಇದ್ದಿದ್ದು ಐದಡಿ ಹನ್ನೊಂದಿಂಚು. ನಮಗೆ ಅದೇ ಎತ್ತರ ಅನ್ಸುತ್ತೆ, ಆ ಜಾಗಕ್ಕೆ ಅದು ಕಮ್ಮಿನೇ.

ಅದಕ್ಕೆ ಅವನೇನು ಮಾಡ್ದ ಅಂದ್ರೆ, ಮನೆ ಶೆಡ್ಡಲ್ಲಿ ಸೂರಿಗೆ ಒಂದು ಬಾಲ್ ನೇತು ಹಾಕ್ಕೊಂಡು ಅದನ್ನ ಮುಟ್ಟಕ್ಕೆ ಎಗರಿ ಎಗರಿ ಪ್ರಾಕ್ಟೀಸ್ ಮಾಡ್ತಿದ್ದ. ಎಗರೋ ಮುಂಚೆ ಉಸಿರು ತುಂಬ್ಕೊಂಡು ಹಿಡಿದಿಟ್ಕೊಳ್ತಿದ್ದ, ಅದರಿಂದ ಇನ್ನೂ ಮೇಲೆ ಹೋಗ್ತೀನಿ ಅಂತ ಅವನ ನಂಬಿಕೆ. ಸೇಂಟ್ ಕಿಲ್ಡಾ ಟೀಮಿಗೆ ಬಂದಿದ್ದೂ 1911ರಲ್ಲಿ, ಸೀನಿಯರ್‌ಗಳು ಕಮಿಟಿ ಜೊತೆ ಜಗಳ ಆಡ್ಕೊಂಡು ಸ್ಟ್ರೈಕ್ ಮಾಡಿದ್ರಲ್ಲ, ಆ ಟೈಮಲ್ಲಿ ಬದಲಿ ಆಟಗಾರನಾಗಿ. ಅಲ್ಲಿ 99 ಮ್ಯಾಚ್. ಮಧ್ಯೆ 1916, 17ರಲ್ಲಿ ಯುದ್ಧ ಅಂತ ಆ ಕ್ಲಬ್ ಆಡ್ಲೇ ಇಲ್ಲ.

1921ಕ್ಕೆ ಸೌತ್ ಮೆಲ್ಬೋರ್ನಿಗೆ ಹೋದ, ಅವನ ನಿಜವಾದ ಆಟ ಅಲ್ಲಿ. ಫ್ಲೈಟರ್, ಟ್ಯಾಂಡಿ ಅಂತ ಇಬ್ರು ಜೊತೆ ಸಿಕ್ಕಿದ್ರು. ಫ್ಲೈಟರ್ ಎದುರಾಳಿಗಳನ್ನ ಅಡ್ಡ ತಡೆದು ಜಾಗ ಮಾಡಿಕೊಡೋನು, ಬಾಲ್ ಮೇಲೆದ್ದ ತಕ್ಷಣ "ಅಪ್ ದೇರ್, ಕಜೇಲಿ", ಅಂದ್ರೆ ಮೇಲಕ್ಕೆ ಎಗರು ಕಜೇಲಿ, ಅಂತ ಕೂಗೋನು, ಇವನು ಗರುಡನ ಥರ ಎದ್ದು ಹೋಗೋನು, ತಟ್ಟಿದ ಬಾಲ್ ಕೆಳಗಿದ್ದ ಟ್ಯಾಂಡಿಗೆ. ಈ ಮೂರು ಜನರ ಹೊಂದಾಣಿಕೆ ಓದ್ತಿದ್ರೆ ನಂಗೆ ಮೈ ಜುಮ್ ಅನ್ನುತ್ತೆ, ಎಗರಿದೋನ ಹೆಸರು ಉಳೀತು, ಆದ್ರೆ ಜಾಗ ಮಾಡ್ಕೊಟ್ಟ ಫ್ಲೈಟರ್‌ಗೂ ಅಷ್ಟೇ ಪಾಲು ಇದೆ ಅಂತ ನನ್ ಅಭಿಪ್ರಾಯ. ಪ್ರೇಕ್ಷಕರೂ ಅದನ್ನೇ ಕೂಗಕ್ಕೆ ಶುರು ಮಾಡಿದ್ರು, ಎರಡನೇ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾ ಸೈನಿಕರು ಮುನ್ನುಗ್ಗುವಾಗಲೂ ಅದೇ ಕೂಗು.

ಸೌತ್ ಮೆಲ್ಬೋರ್ನಲ್ಲೂ ಸರಿಯಾಗಿ 99 ಮ್ಯಾಚೇ, ನೋಡಿ. 1925 ಒಂದು ವರ್ಷ ಮಿನಿಪ್ ಅನ್ನೋ ಹಳ್ಳಿ ಕಡೆ ಟೀಮಿಗೆ ಕೋಚ್ ಆಗಿ ಹೋಗಿದ್ದ, ಆಮೇಲೆ ಟಾಸ್ಮೇನಿಯಾ, ಹಾಥಾರ್ನ್, ಹಿಂಗೆ ಸುಮಾರು ಕಡೆ ಕೋಚಿಂಗು. ಹೋಬಾರ್ಟಲ್ಲಿ 1963ರಲ್ಲಿ ತೀರ್ಕೊಂಡ. 1996ರಲ್ಲಿ ಹಾಲ್ ಆಫ್ ಫೇಮ್ ಅಂತ ಫೂಟಿ ದಿಗ್ಗಜರ ಗೌರವ ಪಟ್ಟಿ ಶುರು ಮಾಡ್ದಾಗ ಮೊದಲ 12 ಲೆಜೆಂಡ್‌ಗಳಲ್ಲಿ ಇವನ ಹೆಸರೂ ಸೇರಿಸಿದ್ರು. ಸಿಗರೇಟ್ ಮುಟ್ತಿರಲಿಲ್ಲ, ಮೈನ ಅಷ್ಟು ಚೆನ್ನಾಗಿ ಇಟ್ಕೊಂಡಿದ್ದ, 1941ರಲ್ಲಿ ಕ್ಯಾಂಬರ್ವೆಲ್ ಟೀಮಿಗೆ ಇಳಿದು ಆಡ್ದಾಗ ಅವನಿಗೆ 48 ವರ್ಷ ದೊಡ್ಡಪ್ಪ.