ಮಂಗನ ಕಾಯಿಲೆ ವೈರಸ್‌ನ ವಂಶವೃಕ್ಷ: ಟೆಂಪ್‌ಎಸ್ಟ್‌ನಲ್ಲಿ ಗೆರೆ ಕೆಳಗೆ ಇಳಿಯುತ್ತಿದೆ, ಯಾಕೆ?

ಪೆರ್ಲದವಳು:
ಎಲ್ಲರಿಗೂ ನಮಸ್ಕಾರ. ನಮ್ಮೂರು ಕಾಸರಗೋಡಿನ ಪೆರ್ಲ. ಎಂಎಸ್ಸಿ ಪ್ರಾಜೆಕ್ಟಿಗೆ ಮಂಗನ ಕಾಯಿಲೆಯ ವೈರಸ್ ಆರಿಸಿಕೊಂಡಿದ್ದೇನೆ. ಆಚೆ ಬೆಳ್ತಂಗಡಿ ಕಡೆ 1982ರಲ್ಲಿ ಬಂದಿತ್ತು, ಈಚೆ ವಯನಾಡಿನಲ್ಲಿ 2015ರಲ್ಲಿ ಜೋರಾಯಿತು. ನಾವಿರುವುದು ಇವೆರಡರ ನಡುವೆ. ಹಾಗಾಗಿ ವೈರಸ್ ಯಾವಾಗ, ಯಾವ ದಾರಿಯಲ್ಲಿ ಹರಡಿತು ಎಂದು ತಿಳಿಯಬೇಕು.

ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಸಂಗ್ರಹದಿಂದ ವೈರಸ್‌ನ ಸೀಕ್ವೆನ್ಸ್ (ಜೀನೋಮಿನ ಅಕ್ಷರಗಳ ಸಾಲು) ಇಳಿಸಿ, ಮಾಫ್ಟ್ ತಂತ್ರಾಂಶದಲ್ಲಿ ಒಂದರ ಕೆಳಗೊಂದು ಜೋಡಿಸಿ, ಐಕ್ಯೂ-ಟ್ರೀಯಲ್ಲಿ ವಂಶವೃಕ್ಷದ ಮರ ಕಟ್ಟಿದೆ. ಆಮೇಲೆ ಮಾದರಿಯ ವರ್ಷಕ್ಕೂ ಮರದ ಬೇರಿನಿಂದ ಇರುವ ದೂರಕ್ಕೂ ಗ್ರಾಫ್ ಹಾಕುವ ಟೆಂಪ್‌ಎಸ್ಟ್‌ನಲ್ಲಿ ನೋಡಿದೆ. ವರ್ಷ ಹೆಚ್ಚಾದಂತೆ ಬೇರಿನಿಂದ ದೂರವೂ ಹೆಚ್ಚಬೇಕು ಅಲ್ವಾ? ನನ್ನ ಗೆರೆ ಇಳಿಮುಖ. ಒಂದು ಸೀಕ್ವೆನ್ಸಿನ ಕೊಂಬೆಯಂತೂ ಉಳಿದೆಲ್ಲದಕ್ಕಿಂತ ಉದ್ದಕ್ಕೆ ಚಾಚಿಕೊಂಡಿದೆ. ಫೈಲು ಲಗತ್ತಿಸಿದ್ದೇನೆ.

ಮುಳ್ಳೇರಿಯದ ಅಣ್ಣ:
ಫೈಲು ತೆರೆದು ನೋಡಿದೆ ತಂಗೀ. ಉದ್ದ ಕೊಂಬೆಯದ್ದು ಸುಲಭ. ಆ ಸೀಕ್ವೆನ್ಸ್ ತಿರುಗುಮುರುಗಾಗಿ ಸೇರಿದೆ. ಮಾಫ್ಟ್‌ನಲ್ಲಿ ದಿಕ್ಕು ಸರಿಪಡಿಸುವ ಆಯ್ಕೆ ಇದೆ, ಅದನ್ನು ಹಾಕಿ ಮತ್ತೆ ಓಡಿಸಿ.

ಗೆರೆ ಇಳಿಯುವುದಕ್ಕೆ ಕಾರಣ ವರ್ಷಗಳು. ಜೆನ್‌ಬ್ಯಾಂಕ್ ದಾಖಲೆಯ ಮೊದಲ ಸಾಲಿನ ಬಲತುದಿಯಲ್ಲಿ ಒಂದು ದಿನಾಂಕ ಇರುತ್ತದಲ್ಲ, ನಿಮ್ಮ ಪಟ್ಟಿಗೆ ಬಂದಿರುವುದು ಅದೇ. ಅದು ದಾಖಲೆಯನ್ನು ಕೊನೆಗೆ ತಿದ್ದಿದ ದಿನ. ಮಾದರಿ ತೆಗೆದ ವರ್ಷ ಕೆಳಗೆ, ಹೋಸ್ಟ್ (ವೈರಸ್ ಸಿಕ್ಕಿದ ಜೀವಿ), ದೇಶ ಎಲ್ಲ ಬರೆದಿರುವ ಭಾಗದಲ್ಲಿರುತ್ತದೆ. 1957ರ ಪಿ9605 ಎಂಬ ತಳಿ ನಿಮ್ಮ ಪಟ್ಟಿಯಲ್ಲಿ ಈಚಿನ ವರ್ಷದ್ದಾಗಿ ಕೂತಿದೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಕಾಯಿಲೆಯನ್ನು ಗುರುತಿಸಿದ ವರ್ಷದ ತಳಿ ಅದು. ಅಷ್ಟು ಹಳೆಯದು ಹೊಸದರ ಜಾಗಕ್ಕೆ ಹೋದರೆ ಗೆರೆ ಏರುವುದು ಹೇಗೆ?

ಇನ್ನೊಂದು ಮುಖ್ಯ ವಿಷಯ. ನಾನ್‌ಜಿಯಾನ್‌ಯಿನ್ ಎಂಬುದನ್ನು ಲೆಕ್ಕದಿಂದ ತೆಗೆದುಬಿಡಿ. ಚೀನಾದ ಯುನ್ನಾನ್‌ನಲ್ಲಿ 1989ರಲ್ಲಿ ಜ್ವರದ ರೋಗಿಯಿಂದ ಸಿಕ್ಕಿದ್ದೆಂದು 2009ರಲ್ಲಿ ವರದಿಯಾದ ತಳಿ. ಆದರೆ ಪಿ9605ಕ್ಕೂ ಅದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಉಣುಗಿನ ಮೂಲಕ ಹರಡುವ ಈ ಜಾತಿಯ ವೈರಸ್‌ಗಳು ನಿಧಾನವಾಗಿ ಬದಲಾಗುತ್ತವೆ, ನಿಜ. ಆದರೂ 32 ವರ್ಷ ಕಾಡಿನಲ್ಲಿ ಓಡಾಡಿದ್ದು ಇದ್ದ ಹಾಗೇ ಇರುವುದಿಲ್ಲ. ಲ್ಯಾಬಿನಲ್ಲೇ ಬೆರೆತಿರಬಹುದು ಎಂಬ ಅನುಮಾನ ಸಂಶೋಧಕರಿಗೂ ಇದೆ. ಬದಲಾವಣೆ ನಿಧಾನ ಎನ್ನುವ ಕಾರಣಕ್ಕೇ ಇಂಥ ಒಂದು ತಳಿ ಇಡೀ ಲೆಕ್ಕವನ್ನು ಎಳೆದುಹಾಕುತ್ತದೆ.

ಸೌದಿಯ ಅಲ್‌ಖುರ್ಮಾ ವೈರಸ್‌ನ ತಳಿಗಳನ್ನೂ ಈ ಗ್ರಾಫಿನಲ್ಲಿ ಸೇರಿಸಬೇಡಿ. ಹತ್ತಿರದ ನೆಂಟ, ಆದರೆ ಬೇರೆಯೇ ಕವಲು. ಬೇರು ಎಲ್ಲಿ ಎಂದು ನೋಡುವುದಕ್ಕೆ ಮಾತ್ರ ಇಟ್ಟುಕೊಳ್ಳಿ.

ಪೆರ್ಲದವಳು:
ಅಣ್ಣಾ, ತುಂಬಾ ಉಪಕಾರವಾಯಿತು! ವರ್ಷಗಳನ್ನೆಲ್ಲ ಒಂದೊಂದಾಗಿ ತಿದ್ದಿ, ನಾನ್‌ಜಿಯಾನ್‌ಯಿನ್ ತೆಗೆದ ಮೇಲೆ ಗೆರೆ ಏರಿತು. ಚುಕ್ಕಿಗಳು ಸ್ವಲ್ಪ ಚದುರಿವೆ, ಆದರೂ ದಿಕ್ಕು ಸ್ಪಷ್ಟ. ಉದ್ದ ಕೊಂಬೆಯೂ ಜಾಗಕ್ಕೆ ಬಂತು. ಇನ್ನು ಹರಡಿದ ದಾರಿಯ ನಕ್ಷೆ ಮಾಡಬಹುದಾ? ಇ ಜೀನಿನ (ವೈರಸ್‌ನ ಹೊರಕವಚದ ಪ್ರೋಟೀನಿನ ಜೀನ್) ತುಂಡು ಸೀಕ್ವೆನ್ಸ್‌ಗಳು ಸುಮಾರಿವೆ, ಅವನ್ನೂ ಸೇರಿಸಿದರೆ ಊರುಗಳು ಜಾಸ್ತಿ ಸಿಗುತ್ತವೆ.

ಮುಳ್ಳೇರಿಯದ ಅಣ್ಣ:
ತುಂಡುಗಳನ್ನು ಪೂರ್ತಿ ಜೀನೋಮಿನ ಜೊತೆ ಬೆರೆಸಬೇಡಿ. ಪೂರ್ತಿಯದ್ದು ಹತ್ತು ಸಾವಿರ ಅಕ್ಷರಕ್ಕೂ ಮೇಲಿದೆ, ತುಂಡಿನಲ್ಲಿ ಕೆಲವು ನೂರು. ಎಲ್ಲದರಿಂದಲೂ ಇ ಜೀನಿನ ಅದೇ ಭಾಗವನ್ನು ಕತ್ತರಿಸಿ ಇನ್ನೊಂದು ಮರ ಮಾಡಿ, ಎರಡೂ ಹೊಂದುತ್ತವೆಯೇ ನೋಡಿ.

ನಕ್ಷೆಗೆ ಮಾತ್ರ ಅವಸರ ಬೇಡ. ನಿಮ್ಮ ಪಟ್ಟಿಯಲ್ಲಿ ವಯನಾಡಿನದ್ದು ಎರಡೇ ಇದೆ. ಅಷ್ಟರಿಂದ ಇಲ್ಲಿಂದ ಅಲ್ಲಿಗೆ ಹೋಯಿತು ಎಂದು ಬಾಣ ಎಳೆದರೆ ವೈವಾದಲ್ಲಿ ಮೊದಲು ಕೇಳುವುದೇ ಅದನ್ನು. ಪ್ರಾಜೆಕ್ಟಿಗೆ ಕಾಲದ ಲೆಕ್ಕ ಸಾಕು. ಸರಿಯಾದ ವರ್ಷಗಳಿರುವ ಪಟ್ಟಿಯನ್ನು ಇಲ್ಲೇ ಹಾಕಿಡಿ, ಮುಂದೆ ಇದೇ ಕೆಲಸ ಮಾಡುವವರಿಗೆ ಬೇಕಾಗುತ್ತದೆ.