ಬಟನ್ ಇರುವ ಸಣ್ಣ ಎಂಪಿ3 ಪ್ಲೇಯರ್ ಈಗ ಎಲ್ಲಾದರೂ ಸಿಗುತ್ತಾ?

ಕೌಲ್‌ಬಜಾರ್ ಟೈಲರ್:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಮಷಿನ್ ಮುಂದೆ ಕೂತಿರುತ್ತೇನೆ. ಅಂಗಿ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟಿರುವ ಒಂದು ಪ್ಲೇಯರ್ ಇತ್ತು. ಹತ್ತು ವರ್ಷ ಬಾಳಿಕೆ ಬಂತು. ಈಗ ಫುಲ್ ಚಾರ್ಜ್ ಮಾಡಿದರೂ ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ.

ಅಂಥದ್ದೇ ಇನ್ನೊಂದು ತಗೊಳ್ಳೋಣ ಅಂತ ಎರಡು ಭಾನುವಾರ ಬೆಂಗಳೂರು ರಸ್ತೆ, ರಾಯಲ್ ಸರ್ಕಲ್ ಎಲ್ಲ ಸುತ್ತಿದೆ. ತೋರಿಸುವುದು ಬ್ಲೂಟೂತ್ ಸ್ಪೀಕರ್. ಇಲ್ಲಾಂದ್ರೆ ಸ್ಕ್ರೀನೇ ಇಲ್ಲದ ಮುನ್ನೂರು ರೂಪಾಯಿ ಡಬ್ಬಿ. ಆನ್‌ಲೈನಲ್ಲಿ ನೋಡಿದರೆ ಒಮ್ಮೆಲೇ ಹತ್ತಾರು ಸಾವಿರದ್ದು. ನಡುವೆ ಏನೂ ಇಲ್ಲ. ಎರಡು ಮೂರು ಸಾವಿರ ಕೊಡಲು ನಾನು ತಯಾರಿದ್ದೇನೆ, ಕೊಡುವವರೇ ಇಲ್ಲ.

ನಾನು ಕೇಳುವುದು ಸಿನಿಮಾ ಹಾಡಲ್ಲ. ನಮ್ಮಪ್ಪ ದೊಡ್ಡಾಟಕ್ಕೆ ಮದ್ದಳೆ ಬಾರಿಸುತ್ತಿದ್ದರು. ಊರಲ್ಲಿ ಯಾರೋ ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ 9 ಕ್ಯಾಸೆಟ್ ಇದ್ದವು. ಒಂದೊಂದೂ 90 ನಿಮಿಷದ್ದು. ಎಲ್ಲ ಸೇರಿ ಹದಿಮೂರೂವರೆ ಗಂಟೆ. ಎಂಪಿ3 ಮಾಡಿಸಿದ್ದೇನೆ, 780 ಎಂಬಿ ಆಯ್ತು. ಅಪ್ಪನ ಕೈ ಈಗ ನಡುಗುತ್ತದೆ. ಮದ್ದಳೆ ಮುಟ್ಟಿ ಆರು ವರ್ಷ ಆಯ್ತು. ಆ ನುಡಿತ ನನಗೆ ಇನ್ನು ಸಿಗುವುದು ಆ ಫೈಲ್‌ಗಳಲ್ಲಿ ಮಾತ್ರ.

ಅದಕ್ಕೇ ನಿಲ್ಲಿಸಿದ ಜಾಗದಿಂದ ಮತ್ತೆ ಶುರುವಾಗುವ ಪ್ಲೇಯರ್ ಬೇಕು. ಕ್ಯಾಸೆಟ್ಟಿನ ಒಂದು ಬದಿ ಒಂದು ಫೈಲ್, 45 ನಿಮಿಷ. ಸುಮ್ನೆ ನೋಡೋಣ ಅಂತ ಆ ಮುನ್ನೂರರ ಡಬ್ಬಿ ತಂದೆ. ಊಟಕ್ಕೆ ಎದ್ದು ಬಂದರೆ ಮತ್ತೆ ಮೊದಲಿಂದ. ಅದೂ ಸಾಲಾಗಿ ಅಲ್ಲ. ಕಾಳಗ ಮುಗಿದ ಮೇಲೆ ಗಣಪತಿ ಸ್ತುತಿ ಬಂತು! ಕೇಳಿ ಬೇಜಾರಾಯ್ತು.

ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಹೊಸಪೇಟೆ ಡ್ಯಾಂ:
ಅಣ್ಣ, ಹಳೇ ಮೊಬೈಲ್ ಒಂದನ್ನು ಸಿಮ್ ತೆಗೆದು ಇಟ್ಟುಕೊಳ್ಳಿ. ಎಲ್ಲರೂ ಹಾಗೇ ಮಾಡುವುದರಿಂದಲೇ ಪ್ಲೇಯರ್ ಮಾಡುವವರು ಕೈಬಿಟ್ಟರು. 2001ರಲ್ಲಿ ಬಂದ ಐಪಾಡ್ ಅನ್ನೇ ಆಪಲ್ 2022ರ ಮೇನಲ್ಲಿ ನಿಲ್ಲಿಸಿತು. ಸೋನಿಯವರು ವಾಕ್‌ಮನ್ ಹೆಸರಲ್ಲಿ ಈಗಲೂ ಮಾಡುತ್ತಾರೆ, ಆದರೆ ಅದು ಆಂಡ್ರಾಯ್ಡ್ ಇರುವ ಟಚ್ ಸ್ಕ್ರೀನ್, ಬೆಲೆಯೂ ಜಾಸ್ತಿ.

ಕೌಲ್‌ಬಜಾರ್ ಟೈಲರ್:
ಮೊಬೈಲ್ ನೋಡಿದ್ದೇನೆ ಅಣ್ಣ. ಹೊಸ ಬಟ್ಟೆಯ ನೀಲಿ ಬಣ್ಣ ಬೆರಳಿಗೆಲ್ಲ ಹತ್ತಿರುತ್ತದೆ, ಮೇಲೆ ನಮ್ಮೂರ ಬೆವರು. ಟಚ್ ಒಂದು ಒತ್ತಿದರೆ ಇನ್ನೊಂದಾಗುತ್ತದೆ. ಹಳೇ ಪ್ಲೇಯರಿನ ನಡುವಿನ ಬಟನ್ ಮೇಲೆ ಸಾಸಿವೆಯಷ್ಟು ಒಂದು ಉಬ್ಬಿತ್ತು. ಎಡಗೈಯಲ್ಲಿ ಬಟ್ಟೆ ಹಿಡಿದುಕೊಂಡೇ, ಜೇಬಿನ ಮೇಲಿಂದಲೇ ಬಲಗೈ ಹೆಬ್ಬೆರಳಿಗೆ ಅದು ಸಿಗುತ್ತಿತ್ತು. ಕಣ್ಣು ಸೂಜಿ ಬಿಟ್ಟು ಕದಲಬೇಕಾಗಿರಲಿಲ್ಲ. ಸೂಜಿಯಿಂದ ಕಣ್ಣು ತೆಗೆದರೆ ಬೆರಳಿಗೇ ಅಪಾಯ.

ರಾಯಚೂರು ಬಿಸಿಲು:
ಆ ಸಣ್ಣ ಡಬ್ಬಿಯನ್ನೇ ದಾರಿಗೆ ತರಬಹುದು. ಅಂಥ ಪ್ಲೇಯರ್‌ಗಳು ಸಾಮಾನ್ಯವಾಗಿ ಹೆಸರು ನೋಡುವುದಿಲ್ಲ, ಕಾರ್ಡಿಗೆ ಯಾವುದು ಮೊದಲು ಕಾಪಿ ಆಯಿತೋ ಅದನ್ನು ಮೊದಲು ಹಾಡುತ್ತವೆ. ಕಾರ್ಡನ್ನು ಫ್ಯಾಟ್32ಗೆ (ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ಒಂದು ವಿಧಾನ) ಫಾರ್ಮ್ಯಾಟ್ ಮಾಡಿ. ಫೈಲ್‌ಗಳಿಗೆ 001, 002 ಅಂತ ಹೆಸರಿಡಿ. ಒಂದೊಂದಾಗಿ ಅದೇ ಸಾಲಿನಲ್ಲಿ ಕಾಪಿ ಮಾಡಿ. ಎಲ್ಲ ಒಟ್ಟಿಗೆ ಎಳೆದು ಹಾಕಿದರೆ ಸಾಲು ತಪ್ಪಬಹುದು.

ನಿಲ್ಲಿಸಿದ ಜಾಗದ ಸಮಸ್ಯೆಗೆ 45 ನಿಮಿಷದ್ದನ್ನು ಐದೈದು ನಿಮಿಷಕ್ಕೆ ಕತ್ತರಿಸಿ. ಎಂಪಿ3 ಡೈರೆಕ್ಟ್ ಕಟ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ. ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಹೊಸದಾಗಿ ಎಂಪಿ3ಗೆ ಬದಲಿಸದೆ ಕತ್ತರಿಸುತ್ತದೆ, ಆದ್ದರಿಂದ ಧ್ವನಿ ಕೆಡುವುದಿಲ್ಲ. ನಮ್ಮಮ್ಮನ ದಾಸರ ಪದಗಳಿಗೆ ನಾನು ಹೀಗೇ ಮಾಡಿಕೊಟ್ಟಿದ್ದೇನೆ.

ಗಂಗಾವತಿ ರಿಪೇರಿ:
ಟೈಲರಣ್ಣ, ಹಳೇ ಪ್ಲೇಯರ್ ಎಸೆದಿಲ್ಲ ಅಲ್ವಾ? ನೀವು ಹೇಳುವುದು ನೋಡಿದರೆ ಪ್ಲೇಯರ್ ಚೆನ್ನಾಗಿದೆ, ಬ್ಯಾಟರಿ ಸತ್ತಿದೆ. ಹೊಸದು ಹುಡುಕುವ ಬದಲು ಸೆಲ್ ಹುಡುಕಿ. ಮುಚ್ಚಳ ನಿಧಾನಕ್ಕೆ ಬಿಡಿಸಿದರೆ ಒಳಗೆ ಬೆಳ್ಳಿ ಬಣ್ಣದ ಚಪ್ಪಟೆ ಸೆಲ್ ಇರುತ್ತದೆ. ಅದರ ಮೇಲೆ ಸಾಮಾನ್ಯವಾಗಿ ಆರು ಅಂಕಿ ಇರುತ್ತವೆ. 402530 ಅಂತಿದ್ದರೆ ದಪ್ಪ 4 ಮಿ.ಮೀ., ಅಗಲ 25, ಉದ್ದ 30. ಆ ಅಳತೆಯ 3.7 ವೋಲ್ಟಿನ ಸೆಲ್ ಆನ್‌ಲೈನಲ್ಲಿ ಸಿಗುತ್ತದೆ. ಒಳಗೆ ಸಣ್ಣ ಪ್ರೊಟೆಕ್ಷನ್ ಬೋರ್ಡ್ (ಚಾರ್ಜ್ ಅತಿಯಾಗದಂತೆ, ಶಾರ್ಟ್ ಆಗದಂತೆ ಸೆಲ್ ಕಾಯುವ ಬೋರ್ಡ್) ಇರುವುದನ್ನೇ ತಗೊಳ್ಳಿ.

ಒಂದು ಎಚ್ಚರಿಕೆ. ಹಳೇ ಸೆಲ್ ಬಿಡಿಸುವಾಗ ಎರಡೂ ವೈರ್ ಒಟ್ಟಿಗೆ ಕತ್ತರಿಸಬೇಡಿ, ಕತ್ತರಿಯಲ್ಲೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಟೇಪ್ ಸುತ್ತಿ, ಆಮೇಲೆ ಇನ್ನೊಂದು. ಸೆಲ್ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ.

ಕೌಲ್‌ಬಜಾರ್ ಟೈಲರ್:
ಎಸೆದಿಲ್ಲ ಅಣ್ಣ, ಮಷಿನ್ ಡ್ರಾಯರಲ್ಲಿ ಬಾಬಿನ್ ಜೊತೆ ಇಟ್ಟಿದ್ದೇನೆ. ನಿನ್ನೆ ರಾತ್ರಿ ಬಿಚ್ಚಿ ನೋಡಿದೆ. ಅಂಕಿ 402030. ಉಬ್ಬಿಲ್ಲ. ಆದರೆ ವೈರ್ ಮೂರು ಇವೆ, ಕೆಂಪು, ಕಪ್ಪು, ಹಳದಿ. ಆನ್‌ಲೈನಲ್ಲಿ ಕಾಣುವುದೆಲ್ಲ ಎರಡು ವೈರಿನದ್ದೇ. ಹಳದಿ ಯಾಕೆ?

ಗಂಗಾವತಿ ರಿಪೇರಿ:
ಅದು ಬಹುಶಃ ಸೆಲ್ ಎಷ್ಟು ಬಿಸಿಯಾಗಿದೆ ಅಂತ ಪ್ಲೇಯರಿಗೆ ತಿಳಿಸುವ ವೈರ್. ಅದನ್ನು ಹಾಗೇ ಬಿಟ್ಟರೆ ಎಷ್ಟೋ ಪ್ಲೇಯರ್ ಚಾರ್ಜೇ ತಗೊಳ್ಳುವುದಿಲ್ಲ. ಮೂರು ವೈರಿನದ್ದೂ ಬರುತ್ತದೆ, ಒಂದೆರಡು ದಿನ ಹುಡುಕಿ. ಸಿಗದಿದ್ದರೆ ಪ್ಲೇಯರ್ ತಗೊಂಡು ಭಾನುವಾರ ಗಂಗಾವತಿಗೆ ಬನ್ನಿ, ನಾನೇ ಬೆಸುಗೆ ಹಾಕಿಕೊಡುತ್ತೇನೆ. ಆ ದೊಡ್ಡಾಟದ ಫೈಲ್‌ಗಳನ್ನೂ ತನ್ನಿ. ನನಗೂ ಕೇಳಬೇಕು.

ಕೌಲ್‌ಬಜಾರ್ ಟೈಲರ್:
ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ. ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ.